ಸಮಾರ್ಯದವನ ಕತ್ತೆ ಯಾರು? ಆದಿ ಕ್ರೈಸ್ತ ಸಭೆಯ ಗುರುಗಳ ಹಾಗೆ ಬೈಬಲ್ ಓದಿ ಕಲಿಸುವುದು ಹೇಗೆ

ಒಂದು ಸಲ ಮನೆಕೂಟದಲ್ಲಿ ಪಾಠ ಮಾಡುವ ಸರದಿ ನನ್ನದಾಗಿತ್ತು. ಒಳ್ಳೆಯ ಸಮಾರ್ಯದವನ ಸಾಮ್ಯ (ಯೇಸು ಹೇಳಿದ ಉಪಮೆಯ ಕತೆ), ಲೂಕ 10. ಎಲ್ಲರಿಗೂ ಬಾಯಿಪಾಠ ಆಗಿರುವ ಕತೆ: ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುತ್ತಿದ್ದವನನ್ನು ಕಳ್ಳರು ಬಡಿದು ಹಾಕುತ್ತಾರೆ, ಒಬ್ಬ ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ನೋಡಿಯೂ ದಾಟಿ ಹೋಗುತ್ತಾರೆ, ಯೆಹೂದ್ಯರಿಗೆ ಆಗದ ಸಮಾರ್ಯ ನಾಡಿನವನೊಬ್ಬ ಗಾಯ ಕಟ್ಟಿ, ತನ್ನ ಸವಾರಿಯ ಮೇಲೆ ಛತ್ರಕ್ಕೆ ಕರೆದೊಯ್ದು, ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ತಿರುಗಿ ಬರುತ್ತೇನೆ ಎನ್ನುತ್ತಾನೆ. ಹೊಸದೇನಾದರೂ ಹೇಳೋಣ ಅಂತ 3ನೇ ಶತಮಾನದ ಬೈಬಲ್ ಗುರು ಒರಿಜೆನ್ ಕೊಟ್ಟ ಅರ್ಥವನ್ನು ಎತ್ತಿಕೊಂಡೆ. ದಾರಿಯಲ್ಲಿ ಬಿದ್ದವನು ಆದಾಮ, ಯೆರೂಸಲೇಮ್ ಎಂದರೆ ಪರದೈಸು (ಆದಾಮ ಮೊದಲು ಇದ್ದ ತೋಟ), ಯೆರಿಕೋ ಎಂದರೆ ಈ ಲೋಕ, ಕಳ್ಳರು ಎಂದರೆ ವೈರಿ ಶಕ್ತಿಗಳು, ಹೀಗೆ ಜೋರಾಗಿ ಬಿಡಿಸುತ್ತಾ ಹೋದೆ. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಮೆಲ್ಲಗೆ ಕೇಳಿದರು: "ಹಾಗಾದ್ರೆ ಕತ್ತೆ ಯಾರಪ್ಪಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ತಮಾಷೆ ಏನೆಂದರೆ ಆ ಪ್ರಶ್ನೆಗೂ ಒರಿಜೆನ್ ಹತ್ತಿರ ಉತ್ತರ ಇತ್ತು, ನನಗೇ ನೆನಪಿರಲಿಲ್ಲ. ಆಮೇಲೆ ಕೂತು ಓದಿದಾಗ ನನ್ನ ತಪ್ಪು ಗೊತ್ತಾಯಿತು. ಆ ಕಾಲದ ಗುರುಗಳು ಗೂಢಾರ್ಥ ಹೇಳುತ್ತಿದ್ದರು ನಿಜ, ಆದರೆ ಅದಕ್ಕೆ ಮುಂಚೆ ಪದ, ವಾಕ್ಯ, ಊರು, ದಾರಿ ಎಲ್ಲದರ ಮೇಲೆ ಬೆವರು ಸುರಿಸುತ್ತಿದ್ದರು. ನಾನು ಸೀದಾ ಕೊನೆಯ ಮೆಟ್ಟಿಲಿಗೆ ಹಾರಿದ್ದೆ.

ಹಾಗಾಗಿ ಈಗ ನಾನು ಪಾಠಕ್ಕೆ ತಯಾರಾಗುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಹೆಚ್ಚಿನದು ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ಅವರಿಂದ ಕಲಿತದ್ದು. ಬೈಬಲನ್ನು ಹೇಗೆ ಅರ್ಥ ಮಾಡಿಕೊಂಡು ಹೇಗೆ ಹೇಳಬೇಕು ಎಂಬುದಕ್ಕೇ ಅವರು ನಾಲ್ಕು ಭಾಗದ ಒಂದು ಪುಸ್ತಕ ಬರೆದರು. ಸುಮಾರು 396ರಲ್ಲಿ ಶುರು ಮಾಡಿ, ಮೂರನೇ ಭಾಗದ ನಡುವೆ ನಿಲ್ಲಿಸಿ, ಹೆಚ್ಚುಕಮ್ಮಿ 30 ವರ್ಷ ಬಿಟ್ಟು ಮುಗಿಸಿದರು. ಉಳಿದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾ, ಆಗಿನ ಸಿರಿಯಾದ ಅಂತಿಯೋಕ್ಯ, ಯೆರೂಸಲೇಮ್ ಮುಂತಾದ ಊರಿನವರಿಂದ. ಉದಾಹರಣೆಗೆ ಅದೇ ಸಮಾರ್ಯದವನ ಕತೆಯನ್ನೇ ಇಟ್ಟುಕೊಳ್ಳೋಣ. ನೀವು ಕ್ರೈಸ್ತರಲ್ಲದಿದ್ದರೂ ಪರವಾಗಿಲ್ಲ, ಹಳೆಯ ಗ್ರಂಥ ಯಾವುದನ್ನೇ ಓದುವವರಿಗೂ ಇದರಲ್ಲಿ ಉಪಯೋಗಕ್ಕೆ ಬರುವುದು ಇದೆ.

ಮೊದಲು ಗಟ್ಟಿಯಾಗಿ, ಉದ್ದಕ್ಕೆ ಓದಿ

ಸುಮಾರು 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಗುರು ಜಸ್ಟಿನ್ ತಮ್ಮವರ ಭಾನುವಾರದ ಕೂಟ ಹೇಗಿರುತ್ತಿತ್ತು ಎಂದು ಬರೆದಿಟ್ಟಿದ್ದಾರೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹವನ್ನೋ ಸಮಯ ಇರುವಷ್ಟು ಓದುವುದು, ಓದುವವನು ನಿಲ್ಲಿಸಿದ ಮೇಲೆ ಕೂಟ ನಡೆಸುವವನು ಮಾತಾಡುವುದು. ಸಮಯ ಇರುವಷ್ಟು! ನಾವು ಎರಡು ವಚನ ಓದಿ ನಲವತ್ತು ನಿಮಿಷ ಮಾತಾಡುತ್ತೇವೆ. ಅಗಸ್ಟೀನ್ ಕೂಡ ಮೊದಲ ಕೆಲಸ ಇದೇ ಎನ್ನುತ್ತಾರೆ: ಅರ್ಥ ಆಗದಿದ್ದರೂ ಪೂರ್ತಿ ಓದಿ, ಆದಷ್ಟು ಬಾಯಿಪಾಠ ಮಾಡಿ, ಆಗದಿದ್ದರೆ ಕಡೇಪಕ್ಷ ಪೂರಾ ಅಪರಿಚಿತವಾಗಿ ಉಳಿಯದಂತೆ ನೋಡಿಕೊಳ್ಳಿ.

ನಮ್ಮ ಕತೆಗೆ ಇದರಿಂದ ಏನು ಸಿಗುತ್ತದೆ ನೋಡಿ. ಸಾಮ್ಯ ಇರುವುದು ಲೂಕ 10ರ 25ನೇ ವಚನದಿಂದ. ಒಂದು ಅಧ್ಯಾಯ ಹಿಂದಕ್ಕೆ ಹೋಗಿ ಓದಿಕೊಂಡು ಬನ್ನಿ. 9ನೇ ಅಧ್ಯಾಯದ ಕೊನೆಯ ಹೊತ್ತಿಗೆ ಸಮಾರ್ಯದ ಒಂದು ಹಳ್ಳಿಯವರು ಯೇಸುವನ್ನು ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. ಯಾಕೋಬ ಯೋಹಾನರಿಗೆ ಸಿಟ್ಟು ನೆತ್ತಿಗೇರಿ, ಆಕಾಶದಿಂದ ಬೆಂಕಿ ಬಿದ್ದು ಇವರೆಲ್ಲ ಸುಟ್ಟುಹೋಗಲಿ ಎಂದು ಹೇಳೋಣವೇ ಅಂತ ಕೇಳುತ್ತಾರೆ. ಯೇಸು ಅವರನ್ನೇ ಗದರಿಸುವುದು. ಇದಾಗಿ ಒಂದು ಅಧ್ಯಾಯ ಕಳೆಯುವಷ್ಟರಲ್ಲಿ ಒಬ್ಬ ಸಮಾರ್ಯದವನು ಕತೆಯ ನಾಯಕ! ಆ ಶಿಷ್ಯರ ಮುಖ ಹೇಗಿದ್ದಿರಬಹುದು? ಸಾಮ್ಯವನ್ನು ಮಾತ್ರ ಕತ್ತರಿಸಿ ಓದಿದವರಿಗೆ ಈ ಮಜಾ ಸಿಗುವುದೇ ಇಲ್ಲ.

ಗಟ್ಟಿಯಾಗಿ ಓದಬೇಕು ಎಂದದ್ದಕ್ಕೂ ಕಾರಣ ಇದೆ. ಆಗಿನ ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ, ವಿರಾಮ ಚಿಹ್ನೆ ತೀರಾ ಕಮ್ಮಿ. ಎಲ್ಲಿ ನಿಲ್ಲಬೇಕು ಅಂತ ಓದುವವನೇ ತೀರ್ಮಾನ ಮಾಡಬೇಕು. ಶಾಲೆಯಲ್ಲಿ ನಮಗೆ ಹೇಳುತ್ತಿದ್ದರಲ್ಲ, "ಗಲ್ಲಿಗೇರಿಸಿ, ಬಿಡಬೇಡಿ" ಮತ್ತು "ಗಲ್ಲಿಗೇರಿಸಿಬಿಡಬೇಡಿ", ಒಂದು ಅಲ್ಪವಿರಾಮಕ್ಕೆ ಒಂದು ಜೀವ. ಅಗಸ್ಟೀನ್ ಕೊಡುವ ಉದಾಹರಣೆ ಯೋಹಾನನ ಸುವಾರ್ತೆಯ ಮೊದಲ ವಚನದ್ದು. ಕೆಲವರು ತಪ್ಪು ಜಾಗದಲ್ಲಿ ನಿಲ್ಲಿಸಿ, ವಾಕ್ಯವು (ಅಂದರೆ ಕ್ರಿಸ್ತ) ದೇವರಾಗಿತ್ತು ಎಂಬ ಮಾತೇ ಕಾಣದಂತೆ ಮಾಡುತ್ತಿದ್ದರಂತೆ. ನಮ್ಮ ಮುದ್ರಿತ ಬೈಬಲಿನಲ್ಲಿ ಚಿಹ್ನೆಗಳೆಲ್ಲ ಇವೆ, ಆದರೂ ಒಮ್ಮೆ ಜೋರಾಗಿ ಓದಿ ನೋಡಿ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ನಿಮಗೆ ಅರ್ಥವಾಗಿಲ್ಲ ಎಂದೇ ಲೆಕ್ಕ.

ಪದಗಳ ಹಿಂದೆ ಬೀಳಿ, ಒಂದೇ ಅನುವಾದ ನಂಬಬೇಡಿ

ಅಗಸ್ಟೀನ್ ಅವರಿಗೆ ಹೀಬ್ರೂ ಬರುತ್ತಿರಲಿಲ್ಲ. ಗ್ರೀಕ್ ಅಷ್ಟಕ್ಕಷ್ಟೇ. ಆದರೂ ಅವರು ಕೊಡುವ ಸಲಹೆ ಎಂದರೆ ಬೈಬಲಿನ ಮೂಲದ ಆ ಎರಡು ಭಾಷೆ ಕಲಿಯಿರಿ, ಆಗದಿದ್ದರೆ ಹಲವು ಅನುವಾದ ಪಕ್ಕಪಕ್ಕ ಇಟ್ಟು ಹೋಲಿಸಿ. ಲ್ಯಾಟಿನ್ ಅನುವಾದಗಳು ಅವರ ಕಾಲದಲ್ಲಿ ಬೀದಿಗೊಂದು ಎನ್ನುವ ಹಾಗಿದ್ದವು. ಕೈಗೆ ಒಂದು ಗ್ರೀಕ್ ಪ್ರತಿ ಸಿಕ್ಕಿ, ತನಗೆ ಎರಡೂ ಭಾಷೆ ಸ್ವಲ್ಪ ಬರುತ್ತದೆ ಅಂತ ಅನಿಸಿದವರೆಲ್ಲ ಅನುವಾದಕ್ಕೆ ಇಳಿದುಬಿಟ್ಟಿದ್ದರು ಎಂದು ಅವರೇ ಗೊಣಗುತ್ತಾರೆ. ಹೋಲಿಸುವ ಕೆಲಸದಲ್ಲಿ ಒರಿಜೆನ್ ಅವರನ್ನು ಮೀರಿಸಿದವರಿಲ್ಲ ಬಿಡಿ. ಹಳೆ ಒಡಂಬಡಿಕೆ ಪೂರ್ತಿಯನ್ನು ಆರು ಅಂಕಣಗಳಲ್ಲಿ ಬರೆಸಿದರು: ಹೀಬ್ರೂ ಒಂದು, ಅದೇ ಹೀಬ್ರೂ ಗ್ರೀಕ್ ಅಕ್ಷರದಲ್ಲಿ ಇನ್ನೊಂದು, ಉಳಿದ ನಾಲ್ಕರಲ್ಲಿ ನಾಲ್ಕು ಗ್ರೀಕ್ ಅನುವಾದ.

ಪದದ ವಿಷಯ ಎಷ್ಟು ಬಿಸಿ ಆಗಬಹುದು ಎನ್ನುವುದಕ್ಕೆ ಒಂದು ಕತೆ. 403ರಲ್ಲಿ ಅಗಸ್ಟೀನ್ ಬೆತ್ಲೆಹೇಮಿನಲ್ಲಿದ್ದ ಬೈಬಲ್ ಅನುವಾದಕ ಜೆರೋಮ್ ಅವರಿಗೆ ಬರೆದ ಕಾಗದದಲ್ಲಿ ಇದು ಬರುತ್ತದೆ. ಓಯಾ ಎಂಬ ಊರು, ಅಂದರೆ ಈಗಿನ ಲಿಬಿಯಾದ ಟ್ರಿಪೋಲಿ. ಅಲ್ಲಿನ ಬಿಷಪ್ ಜೆರೋಮ್ ಮಾಡಿದ ಹೊಸ ಲ್ಯಾಟಿನ್ ಅನುವಾದದಿಂದ ಪ್ರವಾದಿ ಯೋನನ ಕತೆ ಓದಿಸಿದರು. ಯೋನನಿಗೆ ನೆರಳು ಕೊಟ್ಟ ಗಿಡ ಜನ ತಲೆಮಾರುಗಳಿಂದ ಕೇಳಿಕೊಂಡು ಬಂದ ಹಾಗೆ ಸೋರೆ ಬಳ್ಳಿ. ಜೆರೋಮ್ ಅದನ್ನು ಬೇರೊಂದು ಬಳ್ಳಿ ಮಾಡಿದ್ದರು, ಗೋಡೆಗೆ ಹಬ್ಬುವ ಐವಿ. ಅಷ್ಟಕ್ಕೇ ಸಭೆಯಲ್ಲಿ ಗಲಾಟೆ ಎದ್ದಿತು! ಬಿಷಪ್ ಕೊನೆಗೆ ಊರಿನ ಯೆಹೂದ್ಯರನ್ನು ಕೇಳಬೇಕಾಯಿತು, ಜನ ಕೈಬಿಟ್ಟು ಹೋಗುತ್ತಾರೆ ಅಂತ ಹಳೆಯದಕ್ಕೇ ತಿದ್ದಬೇಕಾಯಿತು. ನಿಮ್ಮ ಮನೆಯ ಕನ್ನಡ ಬೈಬಲಿನಲ್ಲಿ ಯೋನ 4 ತೆಗೆದು ಯಾವ ಗಿಡ ಇದೆ ನೋಡಿ. ಆಮೇಲೆ ಇನ್ನೊಂದು ಅನುವಾದದಲ್ಲೂ ನೋಡಿ. ಕನ್ನಡದಲ್ಲಿ ಒಂದಕ್ಕಿಂತ ಜಾಸ್ತಿ ಅನುವಾದ ಇರುವುದು ನಮಗೆ ಅನುಕೂಲವೇ.

ಇದೇ ಕೆಲಸವನ್ನು ಸಮಾರ್ಯದವನ ಕತೆಯಲ್ಲಿ ಮಾಡಿದೆ. ಮೊದಲ ಏಟು ನನಗೇ ಬಿತ್ತು. ಮೂಲದಲ್ಲಿ ಕತ್ತೆ ಇಲ್ಲ! ಸವಾರಿಗೆ ಬಳಸುವ ಪಶು ಎಂಬ ಅರ್ಥದ ಪದ ಅಷ್ಟೇ ಇದೆ. ಕತ್ತೆ ಬಂದದ್ದು ಸಂಡೇ ಸ್ಕೂಲಿನ ಚಿತ್ರಗಳಿಂದ. ಎರಡನೆಯದು, ಯೆರೂಸಲೇಮಿನಿಂದ ಯೆರಿಕೋವಿಗೆ ಆ ಮನುಷ್ಯ "ಇಳಿದು" ಹೋಗುತ್ತಿದ್ದ ಎಂದಿದೆ. ಸುಮ್ನೆ ಬಳಸಿದ ಮಾತಲ್ಲ ಅದು. ಯೆರೂಸಲೇಮ್ ಇರುವುದು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸಮುದ್ರ ಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗೆ. 30 ಕಿಲೋಮೀಟರಿಗಿಂತ ಕಮ್ಮಿ ದೂರದಲ್ಲಿ ಅಷ್ಟು ಇಳಿಜಾರು, ಎರಡೂ ಕಡೆ ಬೋಳು ಗುಡ್ಡ. ಘಾಟಿ ರಸ್ತೆಯಲ್ಲಿ ಓಡಾಡಿದ ನಮಗೆ ಹೇಳಿಕೊಡಬೇಕಿಲ್ಲ. ಮೂರನೆಯದು ನನಗೆ ತುಂಬಾ ಇಷ್ಟ: ಯಾಜಕನೂ "ಇಳಿದು" ಬರುತ್ತಿದ್ದ ಎಂದೇ ಇದೆ. ಅಂದರೆ ಅವನು ಯೆರೂಸಲೇಮಿನ ಕಡೆಯಿಂದ ಬರುತ್ತಿದ್ದ. ದೇವಾಲಯದ ಸೇವೆಗೆ ಹೋಗಬೇಕಿತ್ತು, ಮೈಲಿಗೆ ಆಗುತ್ತದೆ ಅಂತ ದೂರ ಸರಿದ ಎಂದು ಎಷ್ಟೋ ಜನ ಅವನ ಪರವಾಗಿ ಹೇಳುತ್ತಾರಲ್ಲ, ಆ ನೆಪ ಒಂದೇ ಕ್ರಿಯಾಪದದ ಮುಂದೆ ತಡವರಿಸುತ್ತದೆ.

ಭೂಗೋಳ, ಪ್ರಾಣಿ, ಗಿಡ, ಲೆಕ್ಕ, ಸಂಗೀತ ಎಲ್ಲವನ್ನೂ ತಿಳಿದುಕೊಳ್ಳಿ ಎನ್ನುತ್ತಾರೆ ಅಗಸ್ಟೀನ್. ಹಾವಿನ ಸ್ವಭಾವ ಗೊತ್ತಿಲ್ಲದವನಿಗೆ "ಸರ್ಪಗಳಂತೆ ಜಾಣರಾಗಿರಿ" ಎಂಬ ಮಾತು ಹೇಗೆ ಬಿಡಿಸಿಕೊಳ್ಳುತ್ತದೆ? ಆ ಜ್ಞಾನ ಬೇರೆ ಧರ್ಮದವರ ಪುಸ್ತಕದಿಂದ ಬಂದರೂ ಸರಿ. ಇಸ್ರಾಯೇಲ್ಯರು ಈಜಿಪ್ಟ್ ಬಿಡುವಾಗ ಅಲ್ಲಿನವರ ಚಿನ್ನ ಬೆಳ್ಳಿ ತೆಗೆದುಕೊಂಡು ಹೋಗಲಿಲ್ಲವೇ ಅಂತ ಕೇಳುತ್ತಾರೆ.

ತಿಳಿಯಾದ ಮಾತಿನ ಬೆಳಕಲ್ಲಿ ಮಸುಕಾದ ಮಾತು ನೋಡಿ

ಒರಿಜೆನ್ ತಮಗೆ ಒಬ್ಬ ಯೆಹೂದ್ಯ ಗುರು ಹೇಳಿದ ಹೋಲಿಕೆಯೊಂದನ್ನು ಉಳಿಸಿಕೊಟ್ಟಿದ್ದಾರೆ. ಪವಿತ್ರ ಗ್ರಂಥ ಎಂದರೆ ಬೀಗ ಹಾಕಿದ ಎಷ್ಟೋ ಕೋಣೆಗಳಿರುವ ಒಂದು ದೊಡ್ಡ ಮನೆ. ಪ್ರತಿ ಬಾಗಿಲ ಮುಂದೆ ಒಂದೊಂದು ಕೀ ಇದೆ, ಆದರೆ ಅದು ಆ ಬಾಗಿಲಿನದಲ್ಲ. ಕೀಗಳೆಲ್ಲ ಅದಲುಬದಲಾಗಿ ಬಿದ್ದಿವೆ. ಯಾವ ಕೀ ಯಾವ ಬಾಗಿಲಿಗೆ ಅಂತ ಹುಡುಕುವುದೇ ಕಷ್ಟದ ಕೆಲಸ. ನಮ್ಮ ಕಡೆ ಹಳೆ ಮನೆಗಳಲ್ಲಿ ಅಜ್ಜಿಯ ಸೊಂಟದಲ್ಲಿ ಇರುತ್ತಿದ್ದ ಬೀಗದ ಕೈ ಗೊಂಚಲು ನೆನಪಾಗುತ್ತದೆ ನನಗೆ.

ಮಾಡುವ ರೀತಿ ಸುಲಭ. ನಿಮ್ಮ ಭಾಗದಲ್ಲಿ ತೊಡಕಾದ ಒಂದು ಪದವೋ ಚಿತ್ರವೋ ಸಿಕ್ಕರೆ ಅದು ಬೈಬಲಿನಲ್ಲಿ ಬೇರೆಲ್ಲೆಲ್ಲಿ ಬರುತ್ತದೆ ಪಟ್ಟಿ ಮಾಡಿ. ಆದರೆ ಒಂದು ಪದಕ್ಕೆ ಎಲ್ಲ ಕಡೆ ಒಂದೇ ಅರ್ಥ ಅಂತ ಹಟ ಬೇಡ. ಸಿಂಹವನ್ನೇ ತೆಗೆದುಕೊಳ್ಳಿ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ "ಯೂದ ಕುಲದ ಸಿಂಹ" ಕ್ರಿಸ್ತ. ಪೇತ್ರನ ಮೊದಲ ಪತ್ರಿಕೆಯಲ್ಲಿ ಗರ್ಜಿಸುತ್ತಾ ತಿರುಗುವ ಸಿಂಹ ಸೈತಾನ. ಸಿಂಹ ಕಂಡ ಕೂಡಲೇ "ಇದು ಇಂಥವರು" ಅಂತ ಚೀಟಿ ಅಂಟಿಸುವವರಿಗೆ ಅಗಸ್ಟೀನ್ ತೋರಿಸುವ ಉದಾಹರಣೆ ಇದು.

ಇಡೀ ಚಿತ್ರ ತಲೆಯಲ್ಲಿ ಇರಬೇಕು ಎನ್ನುವುದಕ್ಕೆ ಸುಮಾರು 180ರಲ್ಲಿ ಗಾಲ್ ನಾಡಿನ (ಈಗಿನ ಫ್ರಾನ್ಸ್) ಲಿಯಾನ್ ಊರಿನ ಬಿಷಪ್ ಐರೇನಿಯಸ್ ಕೊಟ್ಟ ಹೋಲಿಕೆ ಮರೆಯುವ ಹಾಗೇ ಇಲ್ಲ. ಒಬ್ಬ ಕುಶಲ ಕಲಾವಿದ ರತ್ನದ ಹರಳುಗಳನ್ನು ಜೋಡಿಸಿ ರಾಜನ ಮುಖ ಮಾಡಿದ್ದಾನೆ. ಇನ್ನೊಬ್ಬ ಬಂದು ಅವೇ ಹರಳುಗಳನ್ನು ಕಿತ್ತು ಬೇರೆ ಥರ ಜೋಡಿಸಿ ನರಿಯ ಚಿತ್ರ ಮಾಡುತ್ತಾನೆ, "ಇದೇ ನೋಡಿ ರಾಜನ ಚಿತ್ರ" ಎನ್ನುತ್ತಾನೆ. ಹರಳು ನಿಜವಾದವೇ. ವಚನಗಳೂ ನಿಜವಾದವೇ. ಅಲ್ಲಿಂದೊಂದು ಇಲ್ಲಿಂದೊಂದು ವಚನ ಹೆಕ್ಕಿ ಬೇಕಾದ್ದನ್ನು ಸಾಧಿಸುವ ವಾಟ್ಸ್‌ಆ್ಯಪ್ ಸಂದೇಶ ನೋಡಿದಾಗಲೆಲ್ಲ ನನಗೆ ಆ ನರಿ ಕಾಣುತ್ತದೆ. ಹಾಗಾದರೆ ರಾಜನ ಮುಖ ಗೊತ್ತಾಗುವುದು ಹೇಗೆ? ದೀಕ್ಷಾಸ್ನಾನದ ಹೊತ್ತಿಗೆ ಕಲಿಸುತ್ತಿದ್ದ ನಂಬಿಕೆಯ ಸಾರವೇ ಅದರ ಅಳತೆಗೋಲು ಎಂದರು ಐರೇನಿಯಸ್.

ಗೂಢಾರ್ಥಕ್ಕೆ ಯಾವಾಗ ಹೋಗಬೇಕು?

ಇಲ್ಲಿ ಎರಡು ಊರುಗಳ ಜಗಳ ಇದೆ.

ಅಲೆಕ್ಸಾಂಡ್ರಿಯಾದ ಒರಿಜೆನ್ ಪ್ರಕಾರ ಮನುಷ್ಯನಿಗೆ ದೇಹ, ಪ್ರಾಣ, ಆತ್ಮ ಇರುವಂತೆ ಗ್ರಂಥಕ್ಕೂ ಮೂರು ಪದರ. ಅಕ್ಷರಶಃ ಹಿಡಿದರೆ ತೊಡಕಾಗುವ ಮಾತುಗಳು ಅಲ್ಲಲ್ಲಿ ಇರುವುದು ಬೇಕೆಂದೇ, ನಾವು ಅಲ್ಲಿ ಎಡವಿ ಆಳಕ್ಕೆ ನೋಡಲಿ ಅಂತ. ಸೂರ್ಯನೇ ಇಲ್ಲದೆ ಮೊದಲ ಮೂರು ದಿನ ಹೇಗಾದವು, ದೇವರು ರೈತನ ಹಾಗೆ ತೋಟ ನೆಟ್ಟನು ಎಂದು ಯಾವ ಬುದ್ಧಿ ಇರುವವನು ನಂಬುತ್ತಾನೆ ಅಂತ 3ನೇ ಶತಮಾನದಲ್ಲೇ ಕೇಳಿದ ಮನುಷ್ಯ.

ಅಂತಿಯೋಕ್ಯದ ಕಡೆಯವರಿಗೆ, ಅಂದರೆ ಡಯೋಡೋರ್, ಅವರ ಶಿಷ್ಯರಾದ ಥಿಯೋಡೋರ್ ಮತ್ತು ಹೆಸರಾಂತ ಪ್ರಸಂಗಿ ಕ್ರಿಸೊಸ್ಟಮ್ ಅವರಿಗೆ, ಈ ಆಟ ಅತಿಯಾಯಿತು ಅನಿಸಿತ್ತು. ಅಪೊಸ್ತಲ ಪೌಲ ಗಲಾತ್ಯರಿಗೆ ಬರೆದಾಗ ಅಬ್ರಹಾಮನ ಹೆಂಡತಿ ಸಾರಾ ಮತ್ತು ಅವಳ ದಾಸಿ ಹಾಗರ್ ಕತೆಗೆ ಒಳಾರ್ಥ ಕೊಟ್ಟದ್ದು ನಿಜ, ಆದರೆ ಆ ಕತೆ ನಡೆದೇ ಇಲ್ಲ ಅಂತ ಹೇಳಲಿಲ್ಲವಲ್ಲ ಎಂದು ಥಿಯೋಡೋರ್ ಹಿಡಿದುಕೊಂಡರು. ನಡೆದದ್ದು ಮೊದಲು, ಅದರ ಮೇಲೆ ನಿಂತು ದೂರ ನೋಡುವುದು ಆಮೇಲೆ. ಆಮೇಲಿನವರು ಈ ಪದರಗಳನ್ನು ನಾಲ್ಕು ಮಾಡಿದರು. 5ನೇ ಶತಮಾನದ ಸನ್ಯಾಸಿ ಕ್ಯಾಸಿಯನ್ ಕೊಟ್ಟ ಉದಾಹರಣೆ ಯೆರೂಸಲೇಮ್: ಒಂದು ಊರು, ಸಭೆ, ಒಬ್ಬೊಬ್ಬರ ಅಂತರಾತ್ಮ, ಸ್ವರ್ಗದ ಪಟ್ಟಣ.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಒರಿಜೆನ್ ಲೂಕನ ಮೇಲೆ ಮಾಡಿದ ಪ್ರಸಂಗವೊಂದರಲ್ಲಿ, ತಮಗಿಂತ ಹಿಂದಿನ ಹಿರಿಯರೊಬ್ಬರು ಹೇಳಿದ್ದು ಎಂದು ಈ ಅರ್ಥ ಕೊಡುತ್ತಾರೆ. ಯಾಜಕ ಧರ್ಮಶಾಸ್ತ್ರ. ಲೇವಿಯ ಪ್ರವಾದಿಗಳು. ಸಮಾರ್ಯದವನು ಕ್ರಿಸ್ತ. ಗಾಯಗಳು ಅವಿಧೇಯತೆ. ಆ ಪಶು ಕ್ರಿಸ್ತನ ದೇಹ, ನಮ್ಮ ಭಾರ ಹೊತ್ತದ್ದು ಅದೇ ಅಲ್ವಾ. ಛತ್ರ ಎಂದರೆ ಸಭೆ. ಎರಡು ನಾಣ್ಯ ತಂದೆ ಮತ್ತು ಮಗ. ತಿರುಗಿ ಬರುತ್ತೇನೆ ಎಂದದ್ದು ಕ್ರಿಸ್ತನ ಎರಡನೇ ಬರೋಣ. ಸುಮಾರು 150 ವರ್ಷದ ಮೇಲೆ ಅಗಸ್ಟೀನ್ ಇದೇ ಕತೆ ಬಿಡಿಸುತ್ತಾರೆ. ಆಗ ಛತ್ರದವನು ಪೌಲ ಆಗುತ್ತಾನೆ, ಎರಡು ನಾಣ್ಯ ಪ್ರೀತಿಯ ಎರಡು ಆಜ್ಞೆಗಳಾಗುತ್ತವೆ. ಯೆರಿಕೋ ಚಂದ್ರ ಆಗುತ್ತದೆ, ಹುಟ್ಟಿ ಬೆಳೆದು ಕ್ಷೀಣಿಸುವ ನಮ್ಮ ಮರ್ತ್ಯ ಬದುಕಿನ ಗುರುತು.

ಇದರಲ್ಲೊಂದು ಸುಳಿವು ಇದೆ. ನಾಣ್ಯದ ಅರ್ಥ ಬದಲಾದರೂ ಯಾರೂ ಜಗಳಕ್ಕೆ ನಿಲ್ಲಲಿಲ್ಲ. ಇವು ತೀರ್ಪುಗಳಲ್ಲ, ಧ್ಯಾನಗಳು. ಬಿದ್ದವನನ್ನು ಎತ್ತುವ ಅಪರಿಚಿತನಲ್ಲಿ ಕ್ರಿಸ್ತನನ್ನು ಕಾಣುವುದು ನನಗೆ ಈಗಲೂ ಬಲು ಚೆನ್ನಾಗಿ ಕಾಣುತ್ತದೆ. ಆದರೆ ನಾಣ್ಯ ಎಣಿಸುವ ಹೊತ್ತಿಗೆ ಸ್ವಲ್ಪ ಸುಸ್ತಾಗುತ್ತದೆ. ಆಗ ಬ್ರೇಕ್ ಹಾಕುವವರು ಕ್ರಿಸೊಸ್ಟಮ್. ಮತ್ತಾಯನ ಮೇಲಿನ ಪ್ರಸಂಗದಲ್ಲಿ, ದ್ರಾಕ್ಷೇ ತೋಟದ ಕೂಲಿಯವರ ಸಾಮ್ಯ ಹೇಳುವಾಗ, ಸಾಮ್ಯಗಳಲ್ಲಿ ಪ್ರತಿಯೊಂದು ಪದವನ್ನೂ ಕೆದಕಬೇಡಿ ಎನ್ನುತ್ತಾರೆ. ಅದು ಯಾವ ಉದ್ದೇಶಕ್ಕೆ ಹೇಳಿದ್ದೋ ಅದನ್ನು ತಿಳಿದುಕೊಳ್ಳಿ, ಅಷ್ಟನ್ನು ಕೊಯ್ದುಕೊಳ್ಳಿ, ಅದಕ್ಕಿಂತ ಮುಂದೆ ತಲೆ ಕೆಡಿಸಿಕೊಳ್ಳಬೇಡಿ.

ನಾನು ಈಗ ಮಾಡುವುದು ಹೀಗೆ. ಕತೆಯನ್ನು ಕತೆಯಾಗಿ ಪೂರ್ತಿ ಹೇಳುತ್ತೇನೆ, "ನನ್ನ ನೆರೆಯವನು ಯಾರು" ಅಂತ ಕೇಳಿದ ಧರ್ಮೋಪದೇಶಕನಿಗೆ "ಇವರಲ್ಲಿ ನೆರೆಯವನಾದವನು ಯಾರು" ಎಂದು ಪ್ರಶ್ನೆಯೇ ತಿರುಗಿ ಬಂತಲ್ಲ, ಅಲ್ಲಿ ನಿಲ್ಲುತ್ತೇನೆ. ಅವನಿಗೆ "ಸಮಾರ್ಯದವನು" ಎಂಬ ಪದ ಬಾಯಿಗೆ ಬರಲಿಲ್ಲ, "ದಯೆ ತೋರಿಸಿದವನು" ಎಂದು ಹೇಳಿ ಜಾರಿಕೊಂಡ. ಇಷ್ಟು ಜನರ ಮನಸ್ಸಿಗೆ ಇಳಿದ ಮೇಲೆ, ಹಳೆಯ ಗುರುಗಳು ಇದರಲ್ಲಿ ಇನ್ನೂ ಒಂದನ್ನು ಕಂಡರು ಎಂದು ಹೇಳುತ್ತೇನೆ. ಕಂಡರು ಎಂದು, "ಇದೇ ಅರ್ಥ" ಎಂದಲ್ಲ.

ಸಿಕ್ಕ ಅರ್ಥವನ್ನು ಪ್ರೀತಿಯ ತಕ್ಕಡಿಗೆ ಹಾಕಿ

ಪಾಠ ಬರೆದಾದ ಮೇಲೆ ಈ ಪರೀಕ್ಷೆ ಮಾಡಲೇಬೇಕು. ಅಗಸ್ಟೀನ್ ಇದನ್ನು ಮೊದಲ ಭಾಗದಲ್ಲೇ ಇಡುತ್ತಾರೆ. ನಿನ್ನ ಅರ್ಥ ದೇವರ ಮೇಲಿನ ಪ್ರೀತಿಯನ್ನೂ ನೆರೆಯವನ ಮೇಲಿನ ಪ್ರೀತಿಯನ್ನೂ ಕಟ್ಟದಿದ್ದರೆ ನಿನಗೆ ಗ್ರಂಥ ಇನ್ನೂ ಅರ್ಥವಾಗಿಲ್ಲ, ಮುಗಿಯಿತು. ಸರಿ, ಒಬ್ಬ ಪ್ರೀತಿಯನ್ನೇ ಕಟ್ಟಿದ, ಆದರೆ ಬರೆದವನ ಮನಸ್ಸಿನಲ್ಲಿದ್ದ ಅರ್ಥ ಅವನಿಗೆ ತಪ್ಪಿತು, ಆಗ? ಅಂಥವನು ರಸ್ತೆ ಬಿಟ್ಟು ಹೊಲದ ನಡುವೆ ನಡೆದರೂ ಅದೇ ಊರಿಗೆ ಬಂದು ಸೇರಿದವನ ಹಾಗೆ. ಬೈಯಬೇಡಿ. ಆದರೆ ರಸ್ತೆ ತೋರಿಸಿ, ದಾರಿ ತಪ್ಪುವುದೇ ರೂಢಿಯಾದರೆ ಇನ್ನೊಂದು ದಿನ ಬೇರೆ ಕಡೆಗೇ ಹೋದಾನು.

ಈ ತಕ್ಕಡಿಗೆ ಆ ಗುರುಗಳನ್ನೂ ಹಾಕಬೇಕಾಗುತ್ತದೆ. ಕ್ರಿಸೊಸ್ಟಮ್ 386, 387ರ ಸುಮಾರಿಗೆ ಅಂತಿಯೋಕ್ಯದಲ್ಲಿ, ಯೆಹೂದ್ಯರ ಹಬ್ಬಗಳಿಗೆ ಹೋಗುತ್ತಿದ್ದ ಕ್ರೈಸ್ತರನ್ನು ತಡೆಯಲು ಮಾಡಿದ ಪ್ರಸಂಗಗಳಲ್ಲಿ ಯೆಹೂದ್ಯರ ಮೇಲೆ ಎಂಥ ಮಾತು ಆಡಿದರು ಎಂದರೆ ಓದಲು ಹಿಂಸೆಯಾಗುತ್ತದೆ. ಆಮೇಲಿನ ಶತಮಾನಗಳಲ್ಲಿ ಅವನ್ನು ದ್ವೇಷಕ್ಕೆ ಬಳಸಿಕೊಂಡವರೂ ಇದ್ದರು. ಸಮಾರ್ಯದವನ ಕತೆಯಲ್ಲೂ ಈ ಅಪಾಯ ಇದೆ. ಯಾಜಕ, ಲೇವಿಯ ಎಂದ ಕೂಡಲೇ "ನೋಡಿ, ಆ ಧರ್ಮದವರು ಹೀಗೆ" ಅಂತ ಹೊರಟರೆ, ಬೇರೆ ಪಂಗಡದವನನ್ನು ನೆರೆಯವನೆಂದು ಒಪ್ಪಿಸಲು ಹೇಳಿದ ಕತೆಯನ್ನೇ ತಲೆಕೆಳಗು ಮಾಡಿದ ಹಾಗೆ. ಪಾಠದಲ್ಲಿ ಯಾಜಕ ಬಂದಾಗ ನಾನು ನಮ್ಮದೇ ಸಭೆಯ ಪದಾಧಿಕಾರಿಗಳನ್ನು ನೆನೆಸಿಕೊಳ್ಳಿ ಎನ್ನುತ್ತೇನೆ. ನಗು ಬರುತ್ತದೆ, ಆಮೇಲೆ ಮೌನ.

ಅಂದ ಹಾಗೆ ಬೇರೆ ಪಂಗಡದವರಿಂದ ಕಲಿಯುವುದರಲ್ಲಿ ಅಗಸ್ಟೀನ್ ಜಿಪುಣರಲ್ಲ. ತಮ್ಮ ಪುಸ್ತಕದ ಮೂರನೇ ಭಾಗದ ಕೊನೆಗೆ ಅವರು ವಿವರಿಸುವ ಏಳು ನಿಯಮಗಳು ಟೈಕೋನಿಯಸ್ ಎಂಬವರವು. ಆತ ಇದ್ದದ್ದು ಅಗಸ್ಟೀನ್ ವರ್ಷಗಟ್ಟಲೆ ಎದುರಿಸಿದ ಡೊನಾಟಿಸ್ಟ್ ಪಂಗಡದಲ್ಲಿ, ಅಂದರೆ ಉತ್ತರ ಆಫ್ರಿಕಾದಲ್ಲಿ ಸಭೆಯಿಂದ ಬೇರೆಯಾಗಿ ನಿಂತ ಕ್ರೈಸ್ತರ ಗುಂಪಿನಲ್ಲಿ.

ಇನ್ನು ಕಲಿಸುವುದು

ಸುಮಾರು 400ರಲ್ಲಿ ಕಾರ್ತೇಜಿನ ಡೀಕನ್ (ಸಭಾಸೇವಕ) ಡಿಯೋಗ್ರಾಷಿಯಸ್ ಅಗಸ್ಟೀನ್ ಅವರಿಗೆ ಒಂದು ಅಳಲು ತೋಡಿಕೊಂಡರು. ಹೊಸಬರಿಗೆ ನಂಬಿಕೆಯ ಮೊದಲ ಪಾಠ ಹೇಳುವಾಗ ನನ್ನ ಮಾತು ನನಗೇ ಬೇಸರ ತರಿಸುತ್ತದೆ, ಏನು ಮಾಡಲಿ? ಪಾಠ ಮಾಡುವ ಯಾರಿಗೆ ಗೊತ್ತಿಲ್ಲ ಇದು! ಅಗಸ್ಟೀನ್ ಉತ್ತರವಾಗಿ ಒಂದು ಪುಟ್ಟ ಪುಸ್ತಕವನ್ನೇ ಬರೆದರು. ಶುರುವಿನಲ್ಲೇ, ನನ್ನ ಮಾತೂ ನನಗೆ ಹೆಚ್ಚುಕಮ್ಮಿ ಯಾವಾಗಲೂ ಹಿಡಿಸುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಮನಸ್ಸಿನಲ್ಲಿ ಮಿಂಚಿದ್ದು ನಾಲಿಗೆಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ. ಆದರೆ ಕೇಳುವವರಿಗೆ ಹಾಗೆ ಅನಿಸುತ್ತದೆ ಅಂತೇನಿಲ್ಲ, ಧೈರ್ಯವಾಗಿರು.

ಅದರಲ್ಲಿರುವ ಸಲಹೆಗಳನ್ನು ಹಾಗೇ ನಾಳೆಯ ತರಗತಿಗೆ ತೆಗೆದುಕೊಂಡು ಹೋಗಬಹುದು. ಬಂದವನು ಯಾಕೆ ಬಂದಿದ್ದಾನೆ ಎಂದು ಮೊದಲು ಕೇಳಿ. ಓದಿದವನಾದರೆ ಅವನಿಗೆ ಆಗಲೇ ಗೊತ್ತಿರುವುದನ್ನು ಕೊರೆಯಬೇಡಿ. ಆದಿಕಾಂಡದಿಂದ ಇಂದಿನ ಸಭೆಯವರೆಗೆ ಇಡೀ ಕತೆ ಹೇಳಿ, ಆದರೆ ಎಲ್ಲವನ್ನೂ ಅಲ್ಲ. ಕತೆ ತಿರುಗುವ ಜಾಗಗಳಲ್ಲಿ ನಿಂತು ಬಿಚ್ಚಿ ತೋರಿಸಿ, ಉಳಿದದ್ದನ್ನು ಬೇಗ ದಾಟಿಸಿ. ಕೇಳುವವನು ಆಕಳಿಸಿದರೆ ಖುಷಿಯಾಗುವಂಥದ್ದೋ ಆಶ್ಚರ್ಯವಾಗುವಂಥದ್ದೋ ಏನಾದರೂ ಹೇಳಿ. ನಿಂತು ನಿಂತು ಸೋತಿದ್ದರೆ ಕೂರಲು ಹೇಳಿ. ಆಗಿನ ಆಫ್ರಿಕಾದಲ್ಲಿ ಬಿಷಪ್ ಕೂರುತ್ತಿದ್ದರು, ಜನ ನಿಂತೇ ಕೇಳಬೇಕಿತ್ತು. ಸಮುದ್ರದ ಆಚೆ ಕೆಲವು ಸಭೆಗಳಲ್ಲಿ ಜನರಿಗೂ ಕೂರಲು ಜಾಗ ಇದೆ, ಅದೇ ವಾಸಿ ಎನ್ನುತ್ತಾರೆ ಅಗಸ್ಟೀನ್. ಕೊನೆಗೆ ಮಾದರಿಗೆ ಅಂತ ಎರಡು ಪಾಠ ಬರೆದೂ ಕೊಡುತ್ತಾರೆ, ಒಂದು ಉದ್ದ, ಒಂದು ಚಿಕ್ಕದು.

ಭಾಷೆಯ ವಿಷಯದಲ್ಲಂತೂ ಅವರು ನಮ್ಮವರೇ ಅನಿಸುತ್ತದೆ. ಲ್ಯಾಟಿನ್‌ನಲ್ಲಿ "ಓಸ್" ಅನ್ನು ಹ್ರಸ್ವವಾಗಿ ಹೇಳಿದರೆ ಮೂಳೆ, ದೀರ್ಘವಾಗಿ ಹೇಳಿದರೆ ಬಾಯಿ. ಬಳೆ, ಬಾಳೆ ಇದ್ದ ಹಾಗೆ. ನಮ್ಮ ಕಿವಿಗೆ ಆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ, ಆಫ್ರಿಕಾದವರ ಕಿವಿಗೆ ತಿಳಿಯುತ್ತಿರಲಿಲ್ಲ. ಹಾಗಾದರೆ ಮೂಳೆಗೆ ಬೀದಿಯ ಜನ ಹೇಳುವ "ಒಸ್ಸುಮ್" ಎಂಬ ಪದವನ್ನೇ ಬಳಸಿ ಎನ್ನುತ್ತಾರೆ, ಅದು ವ್ಯಾಕರಣಕ್ಕೆ ತಪ್ಪಾದರೂ. ಜನರಿಗೆ ಅರ್ಥವಾಗದೆ ಹೋಗುವುದಕ್ಕಿಂತ ಪಂಡಿತರು ನಮ್ಮನ್ನು ಬೈಯುವುದೇ ಮೇಲು ಎಂಬ ಮಾತು ಅವರದೇ. ಇದು ಹೇಳಿದವರು ಬಿಷಪ್ ಆಗುವ ಮುಂಚೆ ಮಿಲಾನಿನಲ್ಲಿ ಭಾಷಣಕಲೆಯ ಮೇಷ್ಟ್ರಾಗಿದ್ದವರು ಅನ್ನುವುದು ನೆನಪಿರಲಿ.

ಒಂದೇ ಕೂಟದಲ್ಲಿ ಎರಡು ಮೂರು ಭಾಷೆಯವರಿದ್ದರೆ? ಬೆಂಗಳೂರಿನ ಸಭೆಗಳಲ್ಲಿ ಇದು ದಿನನಿತ್ಯದ ಪಾಡು. 4ನೇ ಶತಮಾನದ ಕೊನೆಗೆ ಯೆರೂಸಲೇಮಿಗೆ ಯಾತ್ರೆ ಹೋದ ಎಜೀರಿಯಾ ಎಂಬ ಹೆಂಗಸು ಅಲ್ಲಿ ಕಂಡದ್ದನ್ನು ಊರಿನ ಅಕ್ಕತಂಗಿಯರಿಗೆ ಬರೆದಿದ್ದಾರೆ. ಬಿಷಪ್ ಗ್ರೀಕ್‌ನಲ್ಲಷ್ಟೇ ಮಾತಾಡುತ್ತಿದ್ದರು, ಪಕ್ಕದಲ್ಲಿ ಒಬ್ಬ ಪಾದ್ರಿ ಸಿರಿಯಾಕ್‌ಗೆ ತಿರುಗಿಸುತ್ತಿದ್ದರು, ಲ್ಯಾಟಿನ್ ಮಾತ್ರ ಬರುವವರಿಗೆ ಗ್ರೀಕ್, ಲ್ಯಾಟಿನ್ ಎರಡೂ ಗೊತ್ತಿದ್ದ ಸಹೋದರ ಸಹೋದರಿಯರು ಹೇಳಿಕೊಡುತ್ತಿದ್ದರು. ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದಲ್ಲಿ ದೀಕ್ಷಾಸ್ನಾನಕ್ಕೆ ತಯಾರಾಗುವವರಿಗೆ ದಿನಾ ಮೂರು ಗಂಟೆ ಪಾಠ. ಆದಿಕಾಂಡದಿಂದ ಶುರು ಮಾಡಿ ಇಡೀ ಗ್ರಂಥ, ಮೊದಲು ನೇರ ಅರ್ಥ, ಆಮೇಲೆ ಆತ್ಮಿಕ ಅರ್ಥ. ಕ್ರಮ ನೋಡಿದಿರಾ? ನಾನು ಮನೆಕೂಟದಲ್ಲಿ ಕೆಡಿಸಿದ್ದು ಇದನ್ನೇ.

ಚಪ್ಪಾಳೆಗೆ ಮರುಳಾಗಬೇಡಿ. ಆಗ ಸಭೆಯಲ್ಲಿ ಚಪ್ಪಾಳೆ ತಟ್ಟುವುದು ಮಾಮೂಲಿ, ಕ್ರಿಸೊಸ್ಟಮ್ ಅದಕ್ಕೆ ಸಿಡಿಮಿಡಿಗೊಳ್ಳುತ್ತಿದ್ದರು. ಮೌರಿಟಾನಿಯಾದ ಕೈಸರೈಯದಲ್ಲಿ, ಈಗಿನ ಅಲ್ಜೀರಿಯಾದ ಕರಾವಳಿ ಊರದು, ಜನ ಪ್ರತಿವರ್ಷ ಎರಡು ಗುಂಪಾಗಿ ಹಲವು ದಿನ ಕಲ್ಲು ತೂರಾಡುತ್ತಿದ್ದರು. ಅಪ್ಪ ಮಕ್ಕಳು, ಅಣ್ಣ ತಮ್ಮಂದಿರು ಎನ್ನದೆ, ಹೆಣ ಬೀಳುವವರೆಗೂ. ಅಗಸ್ಟೀನ್ ಹೋಗಿ ಅದರ ವಿರುದ್ಧ ಮಾತಾಡಿದರು. ಚಪ್ಪಾಳೆ ಬಿದ್ದಾಗ ನನ್ನ ಮಾತು ಅವರಿಗೆ ತಿಳಿಯಿತು, ಹಿಡಿಸಿತು ಅಂತ ಮಾತ್ರ ಗೊತ್ತಾಯಿತು, ಅವರು ಅತ್ತಾಗ ಮಾತ್ರ ಮನಸ್ಸು ತಿರುಗಿತು ಎಂದು ಗೊತ್ತಾಯಿತು ಎಂದು ಬರೆಯುತ್ತಾರೆ. ಎಂಟು ವರ್ಷಕ್ಕೂ ಜಾಸ್ತಿ ಆಗಿದೆ, ಮತ್ತೆ ಅದು ನಡೆದಿಲ್ಲ ಎಂದೂ ಸೇರಿಸುತ್ತಾರೆ. ನಮ್ಮ ಪಾಠಕ್ಕೆ ಅಷ್ಟು ಬಲ ಇಲ್ಲದಿರಬಹುದು. ಪಾಠ ಮುಗಿದ ಮೇಲೆ "ಚೆನ್ನಾಗಿತ್ತು ಬ್ರದರ್" ಎಂದವರ ಲೆಕ್ಕವನ್ನಾದರೂ ಬಿಡಬಹುದು.

ಎದ್ದು ಹೋಗುವ ಮುಂಚೆ

ಕ್ರಿಸೊಸ್ಟಮ್ ಅವರ ಒಂದು ಅಭ್ಯಾಸ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದೆ. ಮುಂದೆ ಓದಲಿರುವ ಭಾಗವನ್ನು ಮನೆಯಲ್ಲಿ ಮೊದಲೇ ಓದಿಕೊಂಡು ಬನ್ನಿ ಎಂದು ಕೇಳುತ್ತಿದ್ದರು. ಬಡವರು, ಪುಸ್ತಕ ಎಲ್ಲಿಂದ ತರೋಣ ಎಂದವರಿಗೆ, ನಿಮ್ಮ ಕಸುಬಿನ ಸಲಕರಣೆ ಒಂದೂ ಕಮ್ಮಿ ಇಲ್ಲದೆ ಜೋಡಿಸಿಟ್ಟುಕೊಂಡಿದ್ದೀರಲ್ಲ ಎಂದು ತಿರುಗಿ ಕೇಳುತ್ತಿದ್ದರು. ಕೂಟದಿಂದ ಮನೆಗೆ ಹೋದ ಕೂಡಲೇ ಗ್ರಂಥ ಕೈಗೆತ್ತಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿ ಕೇಳಿದ್ದನ್ನು ಹಂಚಿಕೊಳ್ಳಿ ಎಂದೂ ಹೇಳುತ್ತಿದ್ದರು. ನಮ್ಮ ಕೂಟದಲ್ಲಿ ಈಗ ಮುಂದಿನ ಭಾಗವನ್ನು ಮೊಬೈಲ್ ಗ್ರೂಪಿಗೆ ಹಾಕುತ್ತೇವೆ. ಆ ಅಜ್ಜಿ ಎಲ್ಲರಿಗಿಂತ ಮೊದಲು ಓದಿಕೊಂಡು, ಒಂದು ಪ್ರಶ್ನೆಯನ್ನೂ ತಯಾರು ಮಾಡಿಕೊಂಡು ಬರುತ್ತಾರೆ.

ನೀವು ಶುರು ಮಾಡುವುದಾದರೆ ಲೂಕ 12ರ ಮೊದಲ ವಚನ ಮತ್ತು ಲೂಕ 13ರ 20, 21 ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಫರಿಸಾಯರ (ಯೆಹೂದ್ಯರ ಕಟ್ಟುನಿಟ್ಟಿನ ಒಂದು ಪಂಗಡದವರ) ಹುಳಿಹಿಟ್ಟಿನ ಬಗ್ಗೆ ಎಚ್ಚರಿಕೆ. ಎರಡನೆಯದರಲ್ಲಿ ದೇವರ ರಾಜ್ಯವೇ ಹುಳಿಹಿಟ್ಟು, ಒಬ್ಬ ಹೆಂಗಸು ಅದನ್ನು ಮೂರು ಸೇರು ಹಿಟ್ಟಿನಲ್ಲಿ ಕಲಸಿಟ್ಟಿದ್ದಾಳೆ. ಒಂದೇ ಹುಳಿ, ಒಂದು ಕಡೆ ಕೆಟ್ಟದ್ದು, ಒಂದು ಕಡೆ ಒಳ್ಳೆಯದು. ದೋಸೆ ಹಿಟ್ಟು ರುಬ್ಬಿಟ್ಟು ಬೆಳಿಗ್ಗೆ ಪಾತ್ರೆ ತೆಗೆದು ನೋಡುವವರಿಗೆ ಇದು ಬೇಗ ಹತ್ತುತ್ತದೆ. ಅಗಸ್ಟೀನ್ ಪೆನ್ನು ಕೆಳಗಿಟ್ಟು 30 ವರ್ಷ ಬಿಟ್ಟದ್ದೂ ಸರಿಯಾಗಿ ಈ ಹೆಂಗಸಿನ ಹಿಟ್ಟಿನ ಹತ್ತಿರವೇ. ನಿಮಗೆ ಒಂದು ವಾರ ಸಾಕು.